ಬೈಕುಲ್ಲಾ ತಳಿಯ ಬನ್ಸ್

ಕೊರಗಪ್ಪನ ಗಂಟಲಿಗೆ ಬೈಕುಲ್ಲಾದಲ್ಲಿ ಹೆದರದೆ ಇದ್ದದ್ದು ಎರಡೇ. ಒಂದು ಸ್ಟೇಷನ್ನಿಗೆ ಬರುವ ಸೆಂಟ್ರಲ್ ಲೈನಿನ ಲೋಕಲ್ ಗಾಡಿ, ಇನ್ನೊಂದು ಅವನ ಹೆಂಡತಿ ರಾಜೀವಿ. ಉಳಿದವರು ಯಾರೇ ಆಗಲಿ, ಅವನು ತನ್ನ ‘ಕಾಪು ವಿಲಾಸ’ದ ಗಲ್ಲಾದಲ್ಲಿ ಕೂತು ಒಮ್ಮೆ ಕೂಗಿದನೆಂದರೆ ಸಪ್ಲೈ ಮಾಡುವವನ ಕೈಯಲ್ಲಿ ಸಾಂಬಾರಿನ ಸೌಟು ನಿಲ್ಲುತ್ತಿತ್ತು, ಒಳಗೆ ತಟ್ಟೆ ತೊಳೆಯುವವನ ಸೋಪು ಜಾರುತ್ತಿತ್ತು, ಏನೂ ಅರಿಯದ ಗಿರಾಕಿ ಕೂಡ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಮೆದು ಮಾತಿನವರು ಹೋಟೆಲ್ ಇಟ್ಟರೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಟೇಬಲಿನಲ್ಲಿ ಜಗಳ ಉಕ್ಕುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ.

ಅಂಥ ಮನುಷ್ಯ, ಅರವತ್ತು ದಾಟಿ ಮೊಣಕಾಲು ಕಟಕಟ ಎನ್ನುವ ವಯಸ್ಸಿನಲ್ಲಿ, ಒಂದು ನಾಯಿಮರಿಯನ್ನು ಬಗಲಲ್ಲಿಟ್ಟುಕೊಂಡು ಬಾಂದ್ರಾಕ್ಕೆ ಕ್ಲಾಸಿಗೆ ಹೋದ. ಯಾಕೆ ಹೋದ ಎಂದು ಕೇಳಿದರೆ ಅದಕ್ಕೆ ಒಂದು ಬಸ್ಸು ಕಾರಣ.

ಮರಿ ಹುಟ್ಟಿದ್ದು ಹೋಟೆಲಿನ ಹಿಂದಿನ ಗಲ್ಲಿಯಲ್ಲಿ, ಸಿಲಿಂಡರು ಇಡುವ ಪಂಜರದ ಅಡಿಯಲ್ಲಿ. ತಾಯಿ ನಾಯಿ ನೀರಿನ ಟ್ಯಾಂಕರಿಗೆ ಸಿಕ್ಕಿ ಹೋಯಿತು. ಒಡಹುಟ್ಟಿದವನ್ನು ಯಾರ್‍ಯಾರೋ ಎತ್ತಿಕೊಂಡು ಹೋದರು. ಉಳಿದದ್ದು ಇದೊಂದು, ಹದವಾಗಿ ಕರಿದ ಬಣ್ಣದ್ದು, ಉಬ್ಬಿದ ಹೊಟ್ಟೆಯದ್ದು. ರಾಜೀವಿ ಅದನ್ನು ಮಡಿಲಿಗೆ ಹಾಕಿಕೊಂಡು, “ನಮ್ಮ ಬಾಳೆಹಣ್ಣಿನ ಬನ್ಸ್ ಹಾಗೆಯೇ ಉಂಟು ನೋಡಿ,” ಎಂದಳು. ಅದೇ ಹೆಸರಾಯಿತು. ಡಾಕ್ಟರಲ್ಲಿಗೆ ಕರೆದೊಯ್ದು ಸೂಜಿ ಹಾಕಿಸಿದ್ದೂ ಅವಳೇ.

ಒಂದು ಬೆಳಿಗ್ಗೆ ಬನ್ಸ್ ಒಂದು ಪ್ಲಾಸ್ಟಿಕ್ ಕವರನ್ನು ಅಟ್ಟಿಸಿಕೊಂಡು ಹೋಟೆಲಿನ ಮೆಟ್ಟಿಲು ಇಳಿದು ಸೀದಾ ರಸ್ತೆಗೆ ಹೋಯಿತು. ಗಲ್ಲಾದಿಂದಲೇ ಕೊರಗಪ್ಪ “ಬನ್ಸ್!” ಎಂದು ಕೂಗಿದ. ಆ ಕೂಗಿಗೆ ಎದುರಿನ ಪಾನ್‌ವಾಲಾ ತಿರುಗಿದ, ಟ್ಯಾಕ್ಸಿಯವನು ತಿರುಗಿದ. ಮರಿ ಮಾತ್ರ ಬಾಲ ಒಳಗೆಳೆದುಕೊಂಡು ಇನ್ನೂ ಮುಂದಕ್ಕೆ ಓಡಿತು. ಬಸ್ಸಿನ ಡ್ರೈವರು ಬ್ರೇಕ್ ಒತ್ತಿ, ನಾಯಿಯಿಂದ ಹಿಡಿದು ನಾಯಿ ಸಾಕಿದವರ ಅಜ್ಜನ ತನಕ ಎಲ್ಲರಿಗೂ ಮರಾಠಿಯಲ್ಲಿ ಪೂಜೆ ಮಾಡಿದ. ಚಕ್ರದ ಎದುರಿನಿಂದ ಮರಿಯನ್ನು ಎತ್ತಿಕೊಂಡು ಬಂದವಳು ರಾಜೀವಿ.

“ಇಲ್ಲಿ ಕೇಳಿ,” ಎಂದಳು. “ಇದರ ಅಮ್ಮನನ್ನು ಇದೇ ರಸ್ತೆಯಿಂದ ಗೋಣಿಯಲ್ಲಿ ಎತ್ತಿದ್ದು ನಾನು. ಇನ್ನೊಮ್ಮೆ ನನ್ನಿಂದ ಆಗ್ಲಿಕ್ಕಿಲ್ಲ. ಕರೆದ್ರೆ ಬರುವ ನಾಯಿಯಾದ್ರೆ ಇಲ್ಲಿರ್ಲಿ. ಇಲ್ಲದಿದ್ರೆ ಪಾಲ್ಘರಕ್ಕೆ, ಸದಾನಂದನಲ್ಲಿಗೆ ಕಳಿಸುವ. ಅಲ್ಲಿ ಕಾಂಪೌಂಡ್ ಉಂಟು.”

ಸದಾನಂದ ಅವಳ ತಮ್ಮ. ಅವನ ಹೆಸರು ಕೇಳಿದರೇ ಕೊರಗಪ್ಪನಿಗೆ ಹುಳಿ ತೇಗು.

“ನಾನು ಕರೆದ್ರೆ ಇಡೀ ಬೈಕುಲ್ಲಾ ತಿರುಗಿ ನೋಡ್ತದೆ ಮಾರಾಯ್ತಿ!”

“ಬೈಕುಲ್ಲಾ ನೋಡಿ ಎಂತ ಬಂತು? ಬನ್ಸ್ ನೋಡಿತಾ?”

ಇದಕ್ಕೆ ಉತ್ತರ ಇದ್ದದ್ದು ಬಾಂದ್ರಾದ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಯಕ್ಷಿತಾಳ ಬಳಿ. “ಅಪ್ಪಾ, ನಮ್ಮ ಆಫೀಸಿನ ಹತ್ರ ಪಪ್ಪಿ ಕ್ಲಾಸ್ ಉಂಟು. ಸಂಡೇ ಸಂಡೇ. ಕರೆದ್ರೆ ಬರ್ಲಿಕ್ಕೂ ಕಲಿಸ್ತಾರೆ. ಬುಕ್ ಮಾಡ್ಲಾ?”

“ನಾಯಿಗೆ ಕ್ಲಾಸಾ? ನಾನೇ ಏಳನೇ ಕ್ಲಾಸಿಗೆ ನಿಂತವ!”

“ಅದಕ್ಕೇ ಅಪ್ಪಾ. ಇಬ್ಬರಿಗೂ ಆಗ್ತದೆ.”

ರಾಜೀವಿ ಗಡುವು ಹಾಕಿದಳು: ಕ್ಲಾಸು ಮುಗಿಯುವ ಭಾನುವಾರ ತಾನೇ ಬಂದು ನೋಡುತ್ತೇನೆ, ಅವತ್ತು ಬನ್ಸ್ ಕರೆದಾಗ ಬರಬೇಕು, ಬಾರದಿದ್ದರೆ ಅಲ್ಲಿಂದಲೇ ಪಾಲ್ಘರ.

ಮೊದಲ ಭಾನುವಾರ ಹೋಟೆಲಿನ ತರಕಾರಿ ಟೆಂಪೋದಲ್ಲಿ ಮೆರವಣಿಗೆ ಹೊರಟಿತು. ಓಡಿಸುವವನು ಚಂದ್ರಾಮ, ಇಂಡಿ ಕಡೆಯವನು. ಟೆಂಪೋ ಓಡಿಸುವುದು, ಗೋದಾಮು ನೋಡುವುದು, ಸಾವ್ಕಾರರ ಬೈಗುಳ ತಿನ್ನುವುದು, ಇಷ್ಟೂ ಅವನ ಕೆಲಸ. ಬನ್ಸ್ ಟೊಮೇಟೊ ಕ್ರೇಟಿನಲ್ಲಿ ಟವೆಲ್ ಹಾಸಿಕೊಂಡು ಮಹಾರಾಜನಂತೆ ಕೂತಿತ್ತು.

“ಸಾವ್ಕಾರ್ರ, ನಮ್ಮೂರಾಗ ನಾಯಿ ತಾನ ಬೆಳೀತಾವ್ರಿ,” ಎಂದ ಚಂದ್ರಾಮ. “ನಾಯಿಮರೀನ್ನ ಸಾಲಿಗೆ ಹಾಕಿದ್ದು ಇದ ಮೊದಲ ನೋಡಾಕತ್ತೀನಿ.”

“ನಿನ್ನ ಬಾಯಿಗೆ ಶಾಲೆ ಇದ್ದಿದ್ರೆ ನಿನ್ನನ್ನೂ ಹಾಕ್ತಿದ್ದೆ. ಮುಂದೆ ನೋಡಿ ಓಡಿಸು.”

ಕ್ಲಾಸು ನಡೆಯುವುದು ಒಂದು ಹಳೇ ಬಂಗಲೆಯ ಅಂಗಳದಲ್ಲಿ. ಸುತ್ತ ಗೋಡೆ, ಒಂದು ಕಬ್ಬಿಣದ ಗೇಟು, ಗೇಟಿನಾಚೆ ರಿಕ್ಷಾಗಳು ನುಗ್ಗಾಡುವ ರಸ್ತೆ. ಅಲ್ಲಿ ನೆರೆದಿದ್ದ ಮರಿಗಳನ್ನು ನೋಡಬೇಕು! ನೀಲಿ ಕಣ್ಣಿನ ಹಸ್ಕಿ, ಬೆಣ್ಣೆ ಬಣ್ಣದ ಲ್ಯಾಬ್ರಡಾರ್, ಮೂಗೇ ಇಲ್ಲದ ಪಗ್, ಹಿಂದು ಯಾವುದು ಮುಂದು ಯಾವುದು ತಿಳಿಯದ ಒಂದು ಕೂದಲ ಉಂಡೆ. ಒಂದನ್ನಂತೂ ಮಗು ಕೂರಿಸುವ ಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದರು. ಕೊರಗಪ್ಪ ಟೊಮೇಟೊ ಕ್ರೇಟನ್ನು ಅವುಗಳ ನಡುವೆ ದಡ್ ಎಂದು ಇಟ್ಟ.

ಹಸ್ಕಿಯ ಯಜಮಾನ್ತಿ ಕಪ್ಪು ಕನ್ನಡಕ ಮೇಲಕ್ಕೇರಿಸಿ ಕೇಳಿದಳು, “ಅಂಕಲ್, ಕೌನ್ಸಾ ಬ್ರೀಡ್ ಹೈ?”

“ಬೈಕುಲ್ಲಾ.”

“ಅಚ್ಛಾ? ಇಂಪೋರ್ಟೆಡ್ ಹೈ ಕ್ಯಾ?”

“ಹಾಂ. ಸೆಂಟ್ರಲ್ ಲೈನ್ ಸೇ.”

ಪಕ್ಕದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕ್ಲಾಸು ನಡೆಸುವ ಹರಿಣಿ. ಜೀನ್ಸ್, ಸೊಂಟಕ್ಕೊಂದು ಚೀಲ, ಮೊಣಕೈ ತುಂಬ ಮರಿಗಳ ಉಗುರಿನ ಗೀರು. “ಅಂಕಲ್, ನಂಗೆ ಕನ್ನಡ ಬರ್ತದೆ,” ಎಂದಳು. “ಮಮ್ಮಿ ಕುಂದಾಪುರದವಳು. ಪರ್ ಥೋಡಾ ಮಿಸ್ಟೇಕ್ ಆಗ್ತದೆ, ನಗ್ಬೇಡಿ.”

“ನಗೂದಿಲ್ಲ. ನನ್ನ ನಾಯಿ ಕರೆದ್ರೆ ಬರುವ ಹಾಗೆ ಮಾಡಿ ಕೊಡು, ಸಾಕು.”

“ನಾನು ಮಾಡೂದಲ್ಲ ಅಂಕಲ್, ನೀವು ಮಾಡ್ಬೇಕು. ಮೊದಲು ಇವರೆಲ್ಲ ದುನಿಯಾ ನೋಡ್ಲಿ. ಛತ್ರಿ, ಹೆಲ್ಮೆಟ್, ಸೌಂಡ್, ಬೇರೆ ನಾಯಿ, ಬೇರೆ ಜನ. ಚಿಕ್ಕ ಇರುವಾಗ ಚೆನ್ನಾಗಿ ನೋಡಿದ್ರೆ ದೊಡ್ಡ ಆದ್ಮೇಲೆ ಹೆದರೂದಿಲ್ಲ, ಕಚ್ಚೂದಿಲ್ಲ.”

ಅವಳು ದೂರದಲ್ಲಿ ನಿಂತು ಮೆಲ್ಲಗೆ ಒಂದು ಛತ್ರಿ ಬಿಚ್ಚಿದಳು. ಪಗ್ ಒಂದು ಸುತ್ತು ಹಾಕಿ ಯಜಮಾನನ ಕಾಲ ಸಂದಿಗೆ ಸೇರಿತು. ಬನ್ಸ್ ಛತ್ರಿಯ ಅಡಿಗೆ ಹೋಗಿ, ನೆರಳು ಚೆನ್ನಾಗಿದೆ ಎಂದು ಮಲಗಿತು. ಹೆಲ್ಮೆಟ್ ಹಾಕಿದವನೊಬ್ಬ ಬಂದ. ಲ್ಯಾಬ್ರಡಾರ್ ಬೊಗಳಿತು. ಬನ್ಸ್ ಅವನ ಬೂಟಿನ ದಾರ ಬಿಚ್ಚಿತು. ಕೊನೆಗೆ ಹರಿಣಿ ಅಂಗಳದ ಆ ತುದಿಯಲ್ಲಿ ಎರಡು ಸ್ಟೀಲ್ ತಟ್ಟೆ ಕೆಳಗೆ ಹಾಕಿದಳು. ಠಣ್! ನೀಲಿ ಕಣ್ಣಿನ ಹಸ್ಕಿ ಮಗುವಿನ ಗಾಡಿಗೆ ಹಾರಿ, ಅದರೊಳಗೆ ಮೊದಲೇ ಕೂತಿದ್ದ ಮರಿಯ ಮೇಲೆಯೇ ಬಿತ್ತು. ಅಂಗಳ ತುಂಬ ಕುಂಯ್ ಕುಂಯ್. ಬನ್ಸ್ ಎದ್ದು ಮೈ ಮುರಿದು, ತಟ್ಟೆಯಿಂದ ತಿನ್ನುವಂಥದ್ದು ಏನಾದರೂ ಬಿದ್ದಿದೆಯೋ ಎಂದು ನೋಡಿಕೊಂಡು ಬರಲು ಹೋಯಿತು.

ಕಣ್ಣು ಬಿಟ್ಟಾಗಿನಿಂದ ತಟ್ಟೆಯ ಸದ್ದಿನಲ್ಲೇ ಬೆಳೆದ ಮರಿ. ಇಡ್ಲಿ ಪಾತ್ರೆಯ ಬುಸ್ಸು, ರುಬ್ಬುವ ಕಲ್ಲಿನ ಗರಗರ, ತಲೆಯ ಮೇಲಿಂದ ದಾಟುವ ನೂರು ಕಾಲು, ಇವೇ ಅದರ ಜೋಗುಳ. ಕೊರಗಪ್ಪನಿಗೆ ಅಂಗಿಯ ಮೇಲಿನ ಗುಂಡಿ ಬಿಗಿಯಾಯಿತು. ಎದೆ ಅಷ್ಟು ಉಬ್ಬಿತ್ತು.

“ಅಂಕಲ್, ಕ್ಯಾ ಖಿಲಾತೇ ಹೋ ಇಸಕೋ?” ಎಂದು ಹಸ್ಕಿಯವಳು ನಿಜವಾದ ಗೌರವದಿಂದ ಕೇಳಿದಳು.

“ಇಡ್ಲಿ,” ಎಂದ ಕೊರಗಪ್ಪ. “ಚಟ್ನಿ ನಹೀಂ.” ಆಮೇಲೆ ಗೇಟಿನ ಕಡೆ ತಿರುಗಿ, ಟೆಂಪೋದಲ್ಲಿದ್ದ ನೀರಿಗಾಗಿ “ಚಂದ್ರಾಮಾ!” ಎಂದು ತನ್ನ ಮಾಮೂಲು ಗಂಟಲಲ್ಲಿ ಕೂಗಿದ. ಅಂಗಳದ ಮರಿಗಳೆಲ್ಲ ಒಟ್ಟಿಗೆ ಕೂತುಬಿಟ್ಟವು. ಕಲಿಸದೆಯೇ ಕೂತವಲ್ಲ ಎಂದು ಅವನಿಗೆ ಅದೂ ಒಂದು ಹೆಮ್ಮೆ. ಹರಿಣಿ ಮಾತ್ರ ಉಳಿದ ಮರಿಗಳನ್ನು ನೋಡಲಿಲ್ಲ, ಬನ್ಸನ್ನೇ ನೋಡಿದಳು.

ಆಮೇಲೆ ಹೆಸರು ಹಿಡಿದು ಕರೆಯುವ ಪಾಠ. ಕೂದಲ ಉಂಡೆ ಕರೆದ ಕೂಡಲೇ ಉರುಳಿಕೊಂಡು ಬಂತು. ಪಗ್ ಬಂತು. ತಟ್ಟೆಗೆ ಹೆದರಿ ಸತ್ತಂತಾಗಿದ್ದ ಹಸ್ಕಿ ಕೂಡ ಬಂತು. ಕೊರಗಪ್ಪನ ಸರದಿ. ಅವನು ಸೊಂಟಕ್ಕೆ ಕೈಯಿಟ್ಟು, “ಬನ್ಸ್!” ಎಂದ.

ಬನ್ಸ್ ನೆಲಕ್ಕೆ ಅಂಟಿತು. ಕಿವಿ ಹಿಂದೆ, ಬಾಲ ಹೊಟ್ಟೆಯಡಿ. ಇನ್ನೊಮ್ಮೆ ಕೂಗಿದ. ಅದು ತೆವಳಿಕೊಂಡು ಹೋಗಿ ಹಸ್ಕಿಯವಳ ಕುರ್ಚಿಯ ಅಡಿ ಸೇರಿತು. ಇಡೀ ಅಂಗಳದಲ್ಲಿ ಯಾವುದಕ್ಕೂ ಹೆದರದ ಮರಿ ತನ್ನ ಯಜಮಾನನಿಗೆ ಹೆದರಿ ಅಡಗಿದ್ದನ್ನು ಎಲ್ಲರೂ ನೋಡಿದರು.

ಹರಿಣಿ ಅವನನ್ನು ಬದಿಗೆ ಕರೆದಳು. “ಅಂಕಲ್, ಕರೆದ್ಮೇಲೆ ಎಂತ ಆಗ್ತದೆ?”

“ಎಂತ ಆಗೂದು? ಕರೆದ್ರೆ ಬರ್ಬೇಕು.”

“ಬಂದ್ಮೇಲೆ?”

“ಬಂದ್ಮೇಲೆ ಎಂತ? ಬಂದಾಯ್ತಲ್ಲ.”

“ಈ ವಾರ ನೀವು ಬನ್ಸನ್ನ ಕರೀಲೇಬೇಡಿ. ಬೇರೆಯವರನ್ನ ಕರೀತೀರಲ್ಲ, ಆಗ ಅದು ಎಂತ ಮಾಡ್ತದೆ ನೋಡಿ. ಖಾಲಿ ನೋಡೂದು ಅಷ್ಟೇ.”

ಹೋಟೆಲಿಗೆ ಮರಳುವಾಗ ಕೊರಗಪ್ಪ ಬೈಯಲೂ ಇಲ್ಲ. ಚಂದ್ರಾಮನಿಗೆ ಅದೇ ದೊಡ್ಡ ಭಯವಾಯಿತು.

ಮರುದಿನ ಬೆಳಗಿನ ತಿಂಡಿಯ ಗದ್ದಲ. ಬನ್ಸ್ ಗಲ್ಲಾದ ಅಡಿಯಲ್ಲಿ ಗೋಣಿಯ ಮೇಲೆ ಕಾಲು ಚಾಚಿ ಮಲಗಿತ್ತು. ಒಳಗಿನಿಂದ ಕೊತ್ತಂಬರಿ ಕೊಳೆತದ್ದು ಬಂದಿದೆ ಎಂಬ ದೂರು ಬಂತು. ಕೊರಗಪ್ಪನ ಬಾಯಿ ತಾನಾಗಿ ತೆರೆಯಿತು. “ಚಂದ್ರಾಮಾ!”

ಕೂಗಿದ ಮೇಲೆ ಹರಿಣಿಯ ಮಾತು ನೆನಪಾಗಿ ಕೆಳಗೆ ನೋಡಿದ. ಬನ್ಸ್ ಚಪ್ಪಟೆಯಾಗಿತ್ತು. ತಲೆ ಎತ್ತಿ ನೋಡಿದ. ಗೋದಾಮಿನ ಬಾಗಿಲಲ್ಲಿ ಚಂದ್ರಾಮ ಎರಡೂ ಕೈ ಹಿಂದೆ ಕಟ್ಟಿಕೊಂಡು, ಕುತ್ತಿಗೆ ಹೆಗಲೊಳಗೆ ಇಳಿಸಿಕೊಂಡು ನಿಂತಿದ್ದ. ಸಂಬಂಧವೇ ಇಲ್ಲದ ಸಪ್ಲೈಯರ್ ಶೆಟ್ಟೆಪ್ಪ ಮೂಲೆಯಲ್ಲಿ ಹಾಗೆಯೇ ನಿಂತಿದ್ದ. ನಾಯಿಯೂ ಮನುಷ್ಯರೂ ಒಂದೇ ಮಗ್ಗಿ ಒಪ್ಪಿಸುತ್ತಿದ್ದರು.

ಕೊರಗಪ್ಪ ದಡ್ಡನಲ್ಲ. ಚಿಲ್ಲರೆ ಕೊಡುತ್ತಲೇ ಯೋಚಿಸಿದ. ಈ ಹೋಟೆಲಿನಲ್ಲಿ ಕೆಲಸ ಸರಿಯಾದರೆ ಅವನು ಸುಮ್ಮನಿರುತ್ತಾನೆ. ಆ ಸುಮ್ಮನಿರುವುದೇ ಶಹಭಾಸ್. ಗಲ್ಲಾದಿಂದ ಹೆಸರು ಬಂತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಹಾಲು ಒಡೆದಿದೆ, ಲೋಟ ಒಡೆದಿದೆ, ಗಿರಾಕಿ ಮುನಿದಿದ್ದಾನೆ. ಗಲ್ಲಾದ ಅಡಿಯಲ್ಲೇ ಬೆಳೆದ ಮರಿ ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿತ್ತು. ಅದು ತಪ್ಪು ಎಂದು ಅವನಿಗೆ ಈಗಲೂ ಅನಿಸಲಿಲ್ಲ, ಹೋಟೆಲು ನಡೆದದ್ದೇ ಹಾಗೆ. ಆದರೆ ನಾಯಿಮರಿ ಹೋಟೆಲಿಗೆ ಕೆಲಸಕ್ಕೆ ಸೇರಿದ್ದಲ್ಲವಲ್ಲ.

ಊಟದ ರಶ್ ಮುಗಿದ ಮೇಲೆ ಎಲ್ಲರನ್ನೂ ಸೇರಿಸಿ ಹೇಳಿದ: “ಇವತ್ತಿನಿಂದ ಈ ಹೋಟೆಲಲ್ಲಿ ಯಾರೂ ಯಾರ ಹೆಸರನ್ನೂ ಕೂಗ್ಲಿಕ್ಕಿಲ್ಲ. ನಾನೂ ಕೂಗೂದಿಲ್ಲ. ಮೆಲ್ಲಗೆ ಕರೀಬೇಕು.”

ಎಲ್ಲರೂ ಮುಖ ಮುಖ ನೋಡಿಕೊಂಡರು. ಚಂದ್ರಾಮ ಗಂಟಲು ಸರಿಮಾಡಿಕೊಂಡ. “ಮತ್ತ ನೀವು ಸಿಟ್ಟಿಗೆದ್ದೀರಿ ಅನ್ನೂದು ನಮಗ ಹ್ಯಾಂಗ ತಿಳೀಬೇಕ್ರಿ?”

“ನನ್ನ ಮುಖ ನೋಡು.”

“ಮುಖ ಯಾವಾಗಲೂ ಹಾಂಗ ಇರ್ತೈತಲ್ರಿ ಸಾವ್ಕಾರ್ರ.”

ನಕ್ಕವರಲ್ಲಿ ರಾಜೀವಿಯೇ ಮೊದಲು.

ಹೇಳುವುದು ಸುಲಭ, ಆದರೆ ಕೊರಗಪ್ಪನಲ್ಲಿ ಮೆದು ಸ್ವರ ಎಂಬ ಸಾಮಾನೇ ಇರಲಿಲ್ಲ. ಎಲ್ಲಿಂದ ತರುವುದು? ಮೊದಲ ದಿನ ಅವನು ಮೆಲ್ಲಗೆ ಕರೆದದ್ದು ನೆಗಡಿಯಾದ ಎಮ್ಮೆಯ ಹಾಗೆ ಕೇಳಿಸಿತು. ಅದಕ್ಕೆ ಅಭ್ಯಾಸ ಬೇಕೆಂದು, ನಾಯಿಯ ಮೇಲೆ ಪ್ರಯೋಗಿಸುವ ಮೊದಲು ಮನುಷ್ಯರ ಮೇಲೆ ಪ್ರಯೋಗಿಸಿದ.

“ಚಂದ್ರಾಮ...” ಎಂದ ಒಂದು ಮಧ್ಯಾಹ್ನ, ಜೇನು ಸವರಿದವನಂತೆ.

ಚಂದ್ರಾಮನ ಮುಖ ಬಿಳಿಚಿತು. “ಕೆಲಸದಿಂದ ತೆಗೀತೀರೇನ್ರಿ?”

“ಇಲ್ಲ ಮಾರಾಯ. ಬಾ ಇಲ್ಲಿ. ಶಿರಾ ತಿನ್ನು.”

“ಯಾಕ್ರೀ?”

“ಕರೆದೆ, ಬಂದೆ. ಅದಕ್ಕೆ. ತಿನ್ನು!”

ಚಂದ್ರಾಮ ನಿಂತಲ್ಲೇ ತಿಂದ, ಒಂದು ಕಣ್ಣು ತಟ್ಟೆಯ ಮೇಲೆ, ಒಂದು ಕಣ್ಣು ಸಾವ್ಕಾರರ ಮೇಲೆ. ವಾರ ಕಳೆಯುವುದರೊಳಗೆ ಅವನಿಗೆ ರುಚಿ ಹತ್ತಿತು. ಕರೆಯದಿದ್ದರೂ ಗಲ್ಲಾದ ಸುತ್ತ ಸುಳಿದಾಡತೊಡಗಿದ. “ಕರದ್ರೇನ್ರಿ ಸಾವ್ಕಾರ್ರ?” ಎಂದು ಕೇಳುವುದು ಬೇರೆ.

ಮಹಡಿಯ ಮೇಲಿನ ಮನೆಯಲ್ಲೂ ಅಭ್ಯಾಸ ನಡೆಯಿತು. ಮದುವೆಯಾದಂದಿನಿಂದ ಹೆಂಡತಿಯನ್ನು “ಓಯ್” ಎಂದೇ ಕರೆದ ಮನುಷ್ಯ ಒಂದು ಸಂಜೆ “ರಾಜೀವೀ” ಎಂದು ಎಳೆದ. ಅವಳು ಮೀನು ಹುರಿಯುವುದನ್ನು ಬಿಟ್ಟು ಸೌಟು ಹಿಡಿದೇ ಓಡಿ ಬಂದು ಅವನ ಹಣೆ ಮುಟ್ಟಿದಳು. “ಎಂತ ಆಯ್ತು? ಜ್ವರವಾ? ಎದೆ ನೋವಾ?”

“ಎಂತ ಇಲ್ಲ. ಪ್ರಾಕ್ಟೀಸ್.”

“ನಾಯಿಗೆ ಪ್ರಾಕ್ಟೀಸ್ ನನ್ನ ಮೇಲಾ!” ಎಂದು ಬೈದು ಒಳಗೆ ಹೋದಳು. ಅವತ್ತಿನ ದೊಡ್ಡ ಬಂಗುಡೆ ಅವನ ತಟ್ಟೆಗೇ ಬಿತ್ತು.

ಬನ್ಸಿನ ಪಾಠವೂ ಸಾಗಿತು. ಹರಿಣಿಯ ನಿಯಮ ಒಂದೇ: ಹೆಸರು ಎಂದರೆ ಒಳ್ಳೆಯದು, ಯಾವಾಗಲೂ ಒಳ್ಳೆಯದು. ಬೈಯಲು ಹೆಸರು ಕರೆಯಬಾರದು, ಸ್ನಾನಕ್ಕೆ ಕರೆಯಬಾರದು, ಕಟ್ಟಿಹಾಕಲು ಕರೆಯಬಾರದು. ಕರೆದರೆ ಇಡ್ಲಿ ಚೂರು, ತಲೆ ನೇವರಿಸುವುದು, ಮತ್ತೆ ಆಟಕ್ಕೆ ಬಿಡುವುದು. ಮೊದಮೊದಲು ಬನ್ಸ್ ಅರ್ಧ ದೂರ ಬಂದು ಅನುಮಾನದಿಂದ ನಿಲ್ಲುತ್ತಿತ್ತು. ಬರಬರುತ್ತ ಅಡುಗೆಮನೆಯಿಂದ ಗಲ್ಲಾದ ತನಕ ಬಂತು. ಭಾನುವಾರದ ಅಂಗಳದಲ್ಲಿ ಬೇರೆ ಮರಿಗಳ ಜೊತೆ ಉರುಳಾಡುವುದನ್ನು ಕಲಿಯಿತು. ಹಸ್ಕಿಗಂತೂ ತಟ್ಟೆ ಬಿದ್ದಾಗಲೆಲ್ಲ ಬನ್ಸಿನ ಬೆನ್ನ ಹಿಂದೆ ನಿಲ್ಲುವ ಚಾಳಿ ಹಿಡಿಯಿತು. ಗಿರಾಕಿಗಳಿಗೆ ಕೊರಗಪ್ಪ ಬಿಲ್ಲಿನ ಜೊತೆ ಇದನ್ನೂ ಕೊಡುತ್ತಿದ್ದ. “ಬಾಂದ್ರಾದ ನಾಯಿಗಳಿಗೆ ನಮ್ಮದು ಧೈರ್ಯ ಹೇಳ್ತದೆ, ಗೊತ್ತುಂಟಾ?” “ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ರಾಜೀವಿ ಒಳಗಿನಿಂದ ಸೇರಿಸುತ್ತಿದ್ದಳು.

ಎಲ್ಲ ಸರಿಯಾಗಿದ್ದಾಗಲೇ ಎಡವಟ್ಟಾಗುವುದು. ಕೊನೆಯ ಭಾನುವಾರಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ, ಹಬ್ಬದ ಆರ್ಡರಿಗೆ ಕಡೆದಿಟ್ಟ ಹಿಟ್ಟಿನ ಡ್ರಮ್ಮನ್ನು ಶೆಟ್ಟೆಪ್ಪ ಕಾಲು ತಾಗಿಸಿ ಉರುಳಿಸಿದ. ಬಿಳಿ ಹೊಳೆ ಗಲ್ಲಾದ ತನಕ ಹರಿಯಿತು. ವಾರಗಟ್ಟಲೆ ಒಳಗೆ ಕಟ್ಟಿಟ್ಟಿದ್ದ ಗಂಟಲು ಆಣೆಕಟ್ಟೆ ಒಡೆದಂತೆ ಹೊರಬಂತು. “ಶೆಟ್ಟೆಪ್ಪಾ!”

ಫ್ಯಾನು ನಿಂತಂತಾಯಿತು. ಬನ್ಸ್ ಹಿಟ್ಟಿನಲ್ಲಿ ಜಾರುತ್ತ ಓಡಿ ಫ್ರಿಜ್ಜಿನ ಹಿಂದಿನ ಸಂದಿಗೆ ನುಗ್ಗಿತು. ಕೊರಗಪ್ಪ ಕೂತು ಕರೆದ, ಇಡ್ಲಿ ತೋರಿಸಿದ, ಗೋಗರೆದ. ಸಂಜೆಯ ಕಾಫಿಯ ಹೊತ್ತಾದರೂ ಅದು ಹೊರಗೆ ಬರಲಿಲ್ಲ. ಕೊನೆಗೆ ರಾಜೀವಿ ಕೈ ಹಾಕಿ ಎಳೆದಳು. ಮೈಗೆ ಅಂಟಿ ಒಣಗಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ, ಗಂಡನ ಕಡೆ ನೋಡದೆ ಹೇಳಿದಳು:

“ಸದಾನಂದ ಗೂಡು ಮಾಡಿಸಿದ್ದಾನಂತೆ. ಭಾನುವಾರ ಸಂಜೆ ಕಾರು ತರ್ತಾನೆ.”

“ಕ್ಲಾಸು ಇನ್ನೂ ಮುಗೀಲಿಲ್ಲ.”

“ಇದು ಇವತ್ತು ನಿಮ್ಮ ಕೈಯಿಂದ ಇಡ್ಲಿ ತಿನ್ಲಿಲ್ಲ. ನನಗೆ ಅದನ್ನು ಕಳಿಸ್ಲಿಕ್ಕೆ ಖುಷಿ ಅಂತ ತಿಳ್ಕೊಂಡಿದ್ದೀರಾ?”

ಶನಿವಾರ ಅವನು ಗಲ್ಲಾದಲ್ಲಿ ಕೂರಲೇ ಇಲ್ಲ. ಗಲ್ಲಾವನ್ನು ಶೆಟ್ಟೆಪ್ಪನಿಗೆ ಕೊಟ್ಟು, ಹಿಂದಿನ ಗಲ್ಲಿಯಲ್ಲಿ ಒಂದು ಡಬ್ಬದ ಮೇಲೆ ಕೂತು ಬನ್ಸಿನ ಜೊತೆ ದಿನ ಕಳೆದ. ಡ್ರಮ್ಮು ಉರುಳಿಸಿದವನಿಗೇ ಗಲ್ಲಾ ಕೊಟ್ಟದ್ದನ್ನು ನೋಡಿ ಇಡೀ ಹೋಟೆಲು ಬಾಗಿಲಿಗೆ ಬಂದು ಇಣುಕಿತು. ಸಂಜೆಯ ಹೊತ್ತಿಗೆ ಮರಿ ಅವನ ಕೈಯಿಂದ ತಿಂದಿತು. ಕರೆದರೆ ಬಂತೇ ಎಂದು ಕೇಳಿದರೆ, ಒಮ್ಮೆ ಬಂತು, ಒಮ್ಮೆ ಇಲ್ಲ.

ಕೊನೆಯ ಭಾನುವಾರ ಟೆಂಪೋದಲ್ಲಿ ರಾಜೀವಿ ಒಳ್ಳೆಯ ಸೀರೆ ಉಟ್ಟು, ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅವತ್ತಿನ ಪರೀಕ್ಷೆ ಹೀಗೆ: ಮರಿಯನ್ನು ಅಂಗಳದ ಒಂದು ತುದಿಯಲ್ಲಿ ಹರಿಣಿ ಹಿಡಿದಿರುತ್ತಾಳೆ. ಇನ್ನೊಂದು ತುದಿಯಿಂದ ಯಜಮಾನ ಕರೆಯಬೇಕು. ನಡುವೆ ಬೇಯಿಸಿದ ಕೋಳಿಯ ಬಟ್ಟಲುಗಳು, ಚೆಂಡು, ಬದಿಯಲ್ಲಿ ಬೇರೆ ಮರಿಗಳು. ಲ್ಯಾಬ್ರಡಾರ್ ಮೊದಲ ಬಟ್ಟಲಲ್ಲೇ ಮೂಗು ಹುದುಗಿಸಿ ಸಂಸಾರ ಹೂಡಿತು. ಪಗ್ ಚೆಂಡಿನ ಹಿಂದೆ ಹೋಯಿತು. ಕೂದಲ ಉಂಡೆ ಮಾತ್ರ ಮುಟ್ಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

“ಬನ್ಸ್,” ಎಂದಳು ಹರಿಣಿ. “ಅಂಕಲ್, ರೆಡಿಯಾ?”

ಆಗಲೇ ಗೇಟು ಕಿರ್ರ್ ಎಂದಿತು. ಪಾರ್ಸೆಲ್ ತಂದವನೊಬ್ಬ ಓದಲು ಬಾರದ ಹಾಗೆ ಬರೆದ ವಿಳಾಸ ಹಿಡಿದು ಒಳಗೆ ಬಂದ, ಗೇಟನ್ನು ಹಾಗೆಯೇ ಬಿಟ್ಟ. ಹರಿಣಿ ತಿರುಗಿ ಅವನಿಗೆ ಗೇಟು ಹಾಕು ಎನ್ನುವಷ್ಟರಲ್ಲಿ ಬನ್ಸ್ ಅವಳ ಕೈಯಿಂದ ನುಸುಳಿತು. ಕೋಳಿಯ ಬಟ್ಟಲನ್ನು ನೋಡಲಿಲ್ಲ, ಸಸ್ಯಾಹಾರಿ ಹೋಟೆಲಿನಲ್ಲಿ ಬೆಳೆದದ್ದಕ್ಕೆ ಅದರ ಬೆಲೆ ಗೊತ್ತಿರಲಿಲ್ಲ. ಚೆಂಡನ್ನೂ ನೋಡಲಿಲ್ಲ. ಅದು ನೋಡಿದ್ದು ತೆರೆದ ಗೇಟನ್ನು, ಗೇಟಿನಾಚೆ ಗಾಳಿಗೆ ಕುಣಿಯುತ್ತಿದ್ದ ಕಸವನ್ನು. ಓಡಿತು.

“ಪಕಡೋ!” ಎಂದು ಯಾರೋ ಚೀರಿದರು. ಹಸ್ಕಿಯವಳು ಎದ್ದು ನಿಂತಳು. ರಾಜೀವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಿಕ್ಷಾಗಳ ಹಾರನ್ನು ಅಂಗಳದ ಒಳಗೇ ಬಂದಂತೆ ಕೇಳಿಸಿತು.

ಕೊರಗಪ್ಪನ ಎದೆಯಿಂದ ಆ ಹಳೇ ಗಂಟಲು ಎದ್ದು ಬಂತು. ಬೈಕುಲ್ಲಾ ತಿರುಗಿ ನೋಡುವ ಗಂಟಲು. ಹಲ್ಲಿನ ತನಕ ಬಂತು. ಅವನು ಅದನ್ನು ನುಂಗಿದ. ಬಿಸಿ ಗಂಜಿ ನುಂಗಿದಂತೆ ಕಣ್ಣಲ್ಲಿ ನೀರು ಬರುವಷ್ಟು ಕಷ್ಟದಿಂದ ನುಂಗಿದ. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಆ ಕಟಕಟ ಮೊಣಕಾಲಿನಲ್ಲಿ, ಮಣ್ಣಿನ ಮೇಲೆ ಕೂತುಬಿಟ್ಟ. ಎರಡೂ ಕೈ ಚಾಚಿದ.

“ಬನ್ಸ್,” ಎಂದ. ಊಟಕ್ಕೆ ಕೂತ ನೆಂಟರಿಗೆ ಇನ್ನೊಂದು ಬಡಿಸಲೇ ಎಂದು ಕೇಳುವ ದನಿ ಅದು. “ಬನ್ಸ್, ಬಾ ಮಗಾ.”

ಮರಿಯ ಒಂದು ಕಾಲು ಗೇಟಿನ ಹಳಿಯ ಆಚೆ ಇತ್ತು. ಅದು ನಿಂತಿತು. ರಸ್ತೆ ನೋಡಿತು. ತಿರುಗಿ ಮಣ್ಣಲ್ಲಿ ಕೂತ ಮನುಷ್ಯನನ್ನು ನೋಡಿತು. ಕಿವಿ ಹಿಂದೆ ಹೋಗಲಿಲ್ಲ, ಮೇಲೆದ್ದಿತು. ಬಾಲವೂ ಮೇಲೆದ್ದಿತು.

ಸೀದಾ ಬಂದಿತೆಂದರೆ ಸುಳ್ಳಾಗುತ್ತದೆ. ಮೊದಲು ಲ್ಯಾಬ್ರಡಾರಿನ ಬಟ್ಟಲಿಗೆ ಒಂದು ಮೂಗು ಹಾಕಿತು, ಹಸ್ಕಿಯ ಕಿವಿಯಲ್ಲಿ ಏನೋ ಹೇಳಿತು, ಹರಿಣಿ ಬಿಚ್ಚಿ ಕೆಳಗಿಟ್ಟಿದ್ದ ಚೀಲದ ಮೇಲೆ ಕಾಲೆತ್ತಲು ನೋಡಿ, ಆ ವಿದ್ಯೆ ಇನ್ನೂ ಬರದೆ ಕೂತೇ ಉಚ್ಚೆ ಹೊಯ್ದಿತು. ಆಮೇಲೆ ನೆನಪಾದಂತೆ ಓಡಲು ಹಿಡಿಯಿತು. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹಾರಿಸುತ್ತ ಬಂದು ಕೊರಗಪ್ಪನ ಎದೆಗೆ ಗುದ್ದಿತು. ಅವನು ಹಿಂದಕ್ಕೆ ಬಿದ್ದ. ಅವನ ಕನ್ನಡಕ ಹಾರಿತು. ಬನ್ಸ್ ಅವನ ಮುಖ, ಮೂಗು, ಮೀಸೆ ಎಲ್ಲ ನೆಕ್ಕಿತು.

ಗೇಟು ಹಾಕಿಬಂದ ಹರಿಣಿ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು, “ಅಂಕಲ್, ಈ ಕ್ಲಾಸಲ್ಲಿ ತೆರೆದ ಗೇಟಿಂದ ವಾಪಸ್ ಬಂದ ಮರಿ ಇದೇ ಫಸ್ಟ್.”

“ಇನ್ನೊಮ್ಮೆ ಹೇಳು,” ಎಂದ ಮಲಗಿದ್ದಲ್ಲಿಂದಲೇ ಕೊರಗಪ್ಪ. “ಹಿಂದಿಯಲ್ಲಿ ಹೇಳು. ಎಲ್ಲರಿಗೂ ಕೇಳ್ಲಿ.”

ಅವಳು ಹೇಳಿದಳು. ಚಪ್ಪಾಳೆ ಬಿತ್ತು. ಚಂದ್ರಾಮನೂ ಪಾರ್ಸೆಲಿನವನೂ ಸೇರಿ ಅವನನ್ನು ಎತ್ತಿ ನಿಲ್ಲಿಸಿದರು. ಪ್ಯಾಂಟಿನ ಮಣ್ಣನ್ನು ಅವನು ಕೊಡವಿಕೊಳ್ಳಲೂ ಇಲ್ಲ.

“ನೋಡಿದ್ರಾ? ಬೈಕುಲ್ಲಾ ತಳಿ! ಕೋಳಿ ಬೇಡ, ಚೆಂಡು ಬೇಡ, ಯಜಮಾನ ಕರೆದ್ರೆ ಸಾಕು!” ಎನ್ನುತ್ತ ಮರಿಯನ್ನು ಬಗಲಿಗೆ ಏರಿಸಿಕೊಂಡು ಸುತ್ತ ತಿರುಗಿದ. ಹಸ್ಕಿಯವಳ ಕೈ ಕುಲುಕಿದ, ಪಗ್ ಯಜಮಾನನ ಕೈ ಕುಲುಕಿದ. ಹರಿಣಿಗೆ, “ಇನ್ನೊಮ್ಮೆ ಮಾಡಿ ತೋರಿಸ್ಲಾ?” ಎಂದ.

“ಬೇಡ ಅಂಕಲ್, ಅದಕ್ಕೆ ಸುಸ್ತಾಗಿದೆ.”

“ಸುಸ್ತು ಎಂತದ್ದು? ನಮ್ಮದು ಹೋಟೆಲಿನ ನಾಯಿ!”

ಅಷ್ಟರಲ್ಲಿ ರಾಜೀವಿ ಫೋನು ಕಿವಿಗೆ ಇಟ್ಟುಕೊಂಡಿದ್ದಳು. “ಸದಾನಂದಾ, ಕಾರು ತರ್ಬೇಡ... ಇಲ್ಲ ಮಾರಾಯ, ಇಲ್ಲ. ಆ ಗೂಡಲ್ಲಿ ಕೋಳಿ ಸಾಕು ನೀನು.” ಫೋನು ಸೆರಗಿಗೆ ಸಿಕ್ಕಿಸಿ, ಅಂಗಳದ ಆ ತುದಿಯ ತನಕ ನಡೆದಳು. ಅಲ್ಲಿ ನಿಂತು, ಒಳ್ಳೆಯ ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಬಗ್ಗಿದಳು.

“ಅದನ್ನು ಬಿಡಿ,” ಎಂದಳು. “ನಾನೂ ಒಮ್ಮೆ ಕರೀತೇನೆ.”

ಕೊರಗಪ್ಪ ಬಗಲಿನಿಂದ ಮರಿಯನ್ನು ಇಳಿಸಿದ.

“ಬನ್ಸ್, ಬಾ.”

ಮರಿ ಒಂದು ಕ್ಷಣವೂ ಯೋಚಿಸದೆ ಅವನನ್ನು ಬಿಟ್ಟು ಓಡಿತು. ಕೋಳಿಯ ಬಟ್ಟಲು ದಾಟಿತು, ಚೆಂಡು ದಾಟಿತು, ಈ ಸಲ ಎಲ್ಲಿಯೂ ನಿಲ್ಲಲಿಲ್ಲ.

“ನಿಮಗಿಂತ ಬೇಗ ಹೋತಲ್ರಿ ಸಾವ್ಕಾರ್ರ, ಅಕ್ಕಾರು ಕರದ್ರ,” ಎಂದ ಚಂದ್ರಾಮ.

ಕೊರಗಪ್ಪ ಸೊಂಟಕ್ಕೆ ಕೈಯಿಟ್ಟು, ಎದೆ ಮುಂದೆ ಮಾಡಿ, ಹೆಂಡತಿಯ ಮಡಿಲಲ್ಲಿ ಬಾಲ ಕುಣಿಸುವ ಮರಿಯನ್ನು ನೋಡಿದ.

“ಕಲಿಸಿದ್ದು ಯಾರು?” ಎಂದ.